ಭಕ್ತರ ಪರವಾಗಿ ತಿಂದವರು

ಟೇಪು ಮಾವನಿಗೆ ಆ ಹೆಸರು ಬಿದ್ದದ್ದು ದೇವಸ್ಥಾನದ ಕೆಲಸಕ್ಕೆ ಸೇರಿದ ಮೊದಲ ದಿನವೇ. ಆನ್‌ಲೈನಿನಲ್ಲಿ ಬುಕ್ ಆದ ಪ್ರಸಾದವನ್ನು ಡಬ್ಬಿಗೆ ಹಾಕಿ, ಟೇಪು ಸುತ್ತಿ, ವಿಳಾಸದ ಚೀಟಿ ಅಂಟಿಸಿ ಕೊರಿಯರಿನವರಿಗೆ ಒಪ್ಪಿಸುವುದು ಅವರ ಕೆಲಸ. ಅದಕ್ಕೂ ಮೊದಲು ಚಪ್ಪಲಿ ಅಂಗಡಿಯಲ್ಲಿ ಇಪ್ಪತ್ತು ವರ್ಷ ಡಬ್ಬಿ ಕಟ್ಟಿದ್ದರು. ಅದೇ ಅಭ್ಯಾಸದಲ್ಲಿ ಟೇಪನ್ನು ಹಲ್ಲಿನಿಂದ ಕಚ್ಚಿ ಹರಿದರು. ಹಿರಿಯ ಅರ್ಚಕರು ಅದನ್ನು ಕಂಡು ‘ಅಯ್ಯಯ್ಯೋ, ಎಂಜಲು!’ ಎಂದು ಕೂಗಿದ ಕೂಗಿಗೆ ಗೋಪುರದ ಪಾರಿವಾಳಗಳೆಲ್ಲ ಎದ್ದು ಹಾರಿದವು. ಮರುದಿನ ಕತ್ತರಿ ಬಂತು, ಆದರೆ ಹೆಸರು ಉಳಿದುಬಿಟ್ಟಿತು. ಚಪ್ಪಲಿ ಅಂಗಡಿಯ ವಿಷಯವನ್ನು ಮಾವ ಇವತ್ತಿನವರೆಗೂ ಅರ್ಚಕರಿಗೆ ಹೇಳಿಲ್ಲ. ನೀವೂ ಹೇಳಬೇಡಿ.

ಅವರಿಗೆ ಕೊಟ್ಟದ್ದು ಹಿಂದೆ ಪಾತ್ರೆ ಇಡುತ್ತಿದ್ದ ಕೋಣೆ. ಒಂದು ಕಿಟಕಿ, ಒಂದು ಮೇಜು, ಒಂದು ತಕ್ಕಡಿ. ಕೊಳಗ ನೇತುಹಾಕುತ್ತಿದ್ದ ಗೋಡೆಯ ಕೊಕ್ಕೆಗಳಲ್ಲಿ ಈಗ ಟೇಪಿನ ಸುರುಳಿಗಳು ನೇತಾಡುತ್ತಿದ್ದವು. ಬುಕ್ ಮಾಡುವ ಭಕ್ತರು ಕಂಪ್ಯೂಟರಿನಲ್ಲಿ ಐದು ಕಾಲಂ ತುಂಬಬೇಕು: ಹೆಸರು, ಗೋತ್ರ, ನಕ್ಷತ್ರ, ಬೇಡಿಕೆ, ವಿಳಾಸ. ಪ್ರತಿ ಬೆಳಿಗ್ಗೆ ಆ ಪಟ್ಟಿ ಅಚ್ಚಾಗಿ ಗರ್ಭಗುಡಿಗೆ ಹೋಗುತ್ತದೆ. ಅರ್ಚಕರು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಒಬ್ಬೊಬ್ಬರ ಹೆಸರನ್ನೂ ದೇವರ ಮುಂದೆ ಓದಿ ಸಂಕಲ್ಪ ಮಾಡುತ್ತಾರೆ. ಏನು ಬರೆದಿದೆಯೋ ಅದನ್ನೇ ಓದುತ್ತಾರೆ, ಒಂದಕ್ಷರ ಆಚೆ ಈಚೆ ಇಲ್ಲ. ಒಮ್ಮೆ ಕಂಪ್ಯೂಟರಿನವನು ಪರೀಕ್ಷೆ ಮಾಡಲು ಎಲ್ಲ ಕಾಲಮ್ಮಿನಲ್ಲೂ ‘ಟೆಸ್ಟ್’ ಎಂದು ತುಂಬಿದ್ದ. ಅರ್ಚಕರು ಗಂಟಲು ಸರಿಮಾಡಿಕೊಂಡು ‘ಟೆಸ್ಟ್ ಗೋತ್ರೋದ್ಭವಸ್ಯ, ಟೆಸ್ಟ್ ನಕ್ಷತ್ರೇ ಜಾತಸ್ಯ, ಟೆಸ್ಟ್ ನಾಮಧೇಯಸ್ಯ’ ಎಂದು ಸಂಕಲ್ಪ ಮಾಡಿ, ಹೂವೂ ಏರಿಸಿದರು. ಕೇಳಿದ್ದಕ್ಕೆ, ‘ದೇವರ ಮುಂದೆ ಬಂದ ಹೆಸರು ತಿದ್ದೋಕೆ ನಾನ್ಯಾರು?’ ಎಂದರು.

ಆ ಟೆಸ್ಟ್ ಮಹಾಶಯನ ಡಬ್ಬಿಯೇ ಎಲ್ಲ ಗೋಳಿಗೂ ಮೂಲ. ‘ಟೆಸ್ಟ್ ರಸ್ತೆ’ ಎಲ್ಲಿದೆ? ಕೊರಿಯರಿನವನು ಎರಡು ವಾರ ಸುತ್ತಿಸಿ, ‘ವಿಳಾಸ ಸಿಗಲಿಲ್ಲ’ ಎಂಬ ಮುದ್ರೆ ಹೊಡೆದು ಡಬ್ಬಿಯನ್ನು ವಾಪಸು ತಂದಿಟ್ಟ. ಒಳಗೆ ಮುಷ್ಟಿ ಗಾತ್ರದ ಸಿಹಿ ಉಂಡೆ. ಅದನ್ನೇನು ಮಾಡುವುದು? ಎಸೆದರೆ ಪಾಪ. ಮತ್ತೆ ನೈವೇದ್ಯಕ್ಕಿಡೋಣವೆಂದರೆ ದೇವರು ಆಗಲೇ ಸ್ವೀಕರಿಸಿಯಾಗಿದೆ. ಇನ್ನೊಬ್ಬರಿಗೆ ಹಂಚೋಣವೆಂದರೆ ಸಂಕಲ್ಪ ಟೆಸ್ಟ್ ಹೆಸರಿನಲ್ಲಿದೆ. ಮ್ಯಾನೇಜರು ಮೀಟಿಂಗು ಕರೆದರು. ಮೂರು ಗಂಟೆ ಚರ್ಚೆಯಾಗಿ ಎರಡು ಸಲ ಕಾಫಿ ಬಂದ ಮೇಲೆ ಅರ್ಚಕರು ತೀರ್ಪು ಕೊಟ್ಟರು: ‘ಕಟ್ಟಿದ ಕೈಯೇ ಭಕ್ತರ ಪರವಾಗಿ ಸ್ವೀಕರಿಸಲಿ. ಹೆಸರು ಹೇಳಿ, ಬೇಡಿಕೆ ಹೇಳಿ, ಒಂದು ಚೂರೂ ಬಿಡದೆ.’

ಹೀಗೆ ಟೇಪು ಮಾವ ಟೆಸ್ಟ್ ಪರವಾಗಿ ತಿಂದರು. ತಿನ್ನುವುದನ್ನೂ ಅವರು ಕಾಟಾಚಾರಕ್ಕೆ ಮಾಡಿದವರಲ್ಲ. ಕೈಕಾಲು ತೊಳೆದು, ಮಣೆಯ ಮೇಲೆ ಪೂರ್ವಕ್ಕೆ ಮುಖ ಮಾಡಿ ಕೂತು, ಚೀಟಿ ಓದಿ, ಕಣ್ಣಿಗೊತ್ತಿಕೊಂಡು ನಿಧಾನವಾಗಿ ತಿಂದರು. ಆಮೇಲೆ ತಿಂಗಳಿಗೆ ಎರಡೋ ಮೂರೋ ಡಬ್ಬಿ ವಾಪಸು ಬರತೊಡಗಿದವು. ಹತ್ತನೇ ಕ್ಲಾಸು ಫೇಲಾದ ಮಾವ ಯಾರದೋ ಎಂಜಿನಿಯರಿಂಗ್ ಪಾಸಿಗೆ ತಿಂದರು. ಬಸ್ಸು ಹತ್ತಿದರೆ ವಾಂತಿ ಮಾಡುವ ಮಾವ ಯಾರದೋ ವಿಮಾನಯಾನಕ್ಕೆ ತಿಂದರು. ಸಂಜೆ ಮನೆಗೆ ಬಂದು ಹೆಂಡತಿಗೆ ವರದಿ ಒಪ್ಪಿಸುತ್ತಿದ್ದರು. ಆಕೆ ಬ್ಲೌಸ್ ಹೊಲಿಯುವವಳು. ಹಲ್ಲಿನಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಕೇಳುತ್ತಿದ್ದಳು.

‘ಇವತ್ತು ಯಾರ ಪರವಾಗಿ?’

‘ಸಂತಾನ ಪ್ರಾಪ್ತಿ.’

‘ಸರಿಹೋಯ್ತು! ನಿಮಗೇನಾದ್ರೂ ಆದ್ರೆ ನನಗೆ ಮೊದಲೇ ಹೇಳಿ, ಬಟ್ಟೆ ಸಡಿಲ ಮಾಡಿ ಹೊಲಿದುಕೊಡ್ತೀನಿ.’

ಇಷ್ಟಕ್ಕೇ ನಿಂತಿದ್ದರೆ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಒಂದು ದಿನ ಯಾರೋ ಟೀಚರಮ್ಮ ದೇವಸ್ಥಾನಕ್ಕೆ ಫೋನು ಮಾಡಿದರು. ಮನೆ ಬದಲಾಯಿಸಿದ್ದರಿಂದ ಪ್ರಸಾದ ಅವರ ಕೈಗೆ ಸೇರಿರಲಿಲ್ಲ. ಆದರೂ ಒಂಬತ್ತು ವರ್ಷದಿಂದ ಎಳೆದಾಡುತ್ತಿದ್ದ ಕೋರ್ಟು ಕೇಸನ್ನು ಗೆದ್ದಿದ್ದರು! ಹೇಗೆ ಸಾಧ್ಯ? ಮ್ಯಾನೇಜರು ಸುಮ್ಮನಿರಬೇಕೋ ಬೇಡವೋ? ‘ನಮ್ಮ ಟೇಪು ಮಾವ ನಿಮ್ಮ ಪರವಾಗಿ ತಿಂದಿದ್ದಾರೆ ಮೇಡಂ’ ಎಂದುಬಿಟ್ಟರು. ಟೀಚರಮ್ಮ ಅದನ್ನು ತಮ್ಮ ವಾಟ್ಸಾಪಿನ ಏಳು ಗುಂಪುಗಳಿಗೆ ಹಾಕಿದರು. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಇಲ್ಲಿ ಪೂಜಾರಿಯೂ ಅಲ್ಲದ ಪ್ಯಾಕಿಂಗಿನವರು ಕೊಡತೊಡಗಿದರು ಎಂದು ಊರೆಲ್ಲ ಸುದ್ದಿಯಾಯಿತು.

ಆಮೇಲೆ ಜನ ಬೇಕೆಂದೇ ತಪ್ಪು ವಿಳಾಸ ಬರೆದರು. ‘ಚಂದ್ರಲೋಕ, ಮೂರನೇ ಅಡ್ಡರಸ್ತೆ.’ ‘ಸಮುದ್ರದ ಮಧ್ಯೆ, ಎಡಗಡೆ ಮನೆ.’ ಕೊರಿಯರಿನವರು ಜಗಳಕ್ಕೇ ಬಂದರು. ಕೊನೆಗೆ ಮ್ಯಾನೇಜರು ವೆಬ್‌ಸೈಟಿನಲ್ಲಿ ಒಂದು ಹೊಸ ಚೌಕ ಹಾಕಿಸಿದರು: ‘ಪ್ರಸಾದವನ್ನು ದೇವಸ್ಥಾನದಲ್ಲೇ ಭಕ್ತರ ಪರವಾಗಿ ತಿನ್ನಲಾಗುವುದು.’ ಬೇಕಾದವರು ಅಲ್ಲಿ ಗುರುತು ಹಾಕಿದರಾಯಿತು. ಮೊದಲ ದಿನ ಐದು, ತಿಂಗಳು ಕಳೆಯುವಷ್ಟರಲ್ಲಿ ಇಪ್ಪತ್ತೆರಡು. ಭಕ್ತರು ನಕ್ಷತ್ರ ಕೊಟ್ಟು ಅಭಿಪ್ರಾಯವನ್ನೂ ಬರೆಯತೊಡಗಿದರು. ‘ತುಂಬಾ ಶ್ರದ್ಧೆಯಿಂದ ತಿಂದಿದ್ದಾರೆ, ಐದು ನಕ್ಷತ್ರ.’ ‘ಮೈದುನನಿಗೆ ಕೆಲಸ ಸಿಕ್ಕಿತು, ಆದರೆ ಸಂಬಳ ಕಡಿಮೆ. ಸ್ವಲ್ಪ ಅಗಿದು ತಿನ್ನಬೇಕಿತ್ತು, ಮೂರು ನಕ್ಷತ್ರ.’ ಮೂರು ನಕ್ಷತ್ರ ಬಂದ ದಿನ ಮಾವ ಮಧ್ಯಾಹ್ನದ ಊಟ ಬಿಟ್ಟರು.

ಊಟ ಬಿಟ್ಟದ್ದು ಒಳ್ಳೆಯದೇ ಆಯಿತು ಅನ್ನಿ. ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ, ಮಾವನ ಮುಖ ನೋಡಿ, ಮತ್ತೆ ಚೀಟಿ ನೋಡಿದ್ದರು. ಎಡಗಾಲಿನ ಹೆಬ್ಬೆರಳಿನಲ್ಲಿ ಚಪ್ಪಲಿ ಕಚ್ಚಿದ ಗಾಯ ಎರಡು ತಿಂಗಳಾದರೂ ವಾಸಿಯಾಗಿರಲಿಲ್ಲ, ಅದನ್ನು ತೋರಿಸಲೆಂದೇ ಹೋಗಿದ್ದರು.

‘ಸಿಹಿ ತಿಂತೀರಾ?’

‘ನನಗೋಸ್ಕರ ಒಂದು ಚೂರೂ ತಿನ್ನಲ್ಲ ಡಾಕ್ಟ್ರೇ.’

‘ಮತ್ತೆ?’

‘ಬೇರೆಯವರ ಪರವಾಗಿ, ದಿನಕ್ಕೆ ಇಪ್ಪತ್ತೆರಡು.’

ಡಾಕ್ಟರು ಪೆನ್ನು ಕೆಳಗಿಟ್ಟರು. ‘ನೋಡಿ, ಯಾರ ಪರವಾಗಿ ತಿಂದ್ರೂ ಹೋಗೋದು ನಿಮ್ಮ ಹೊಟ್ಟೆಗೇ. ಇವತ್ತೇ ನಿಲ್ಲಿಸಿ. ಇಲ್ಲದಿದ್ರೆ ಮೊದಲು ಬೆರಳು ತೆಗೀಬೇಕಾಗುತ್ತೆ, ಆಮೇಲೆ ಪಾದ.’

ಮಾವ ನಿಲ್ಲಿಸಬೇಕೆಂದೇ ಇದ್ದರು. ತಮ್ಮ ಬದಲಿಗೆ ದೇವಸ್ಥಾನದ ಗುಮಾಸ್ತರು ಒಂದು ದಿನ ತಿಂದು ನೋಡಲಿ ಎಂದು ಮ್ಯಾನೇಜರನ್ನು ಕೇಳಿಕೊಂಡರು. ಗುಮಾಸ್ತರು ನಾಲ್ಕನೆಯ ಉಂಡೆಗೆ ಫೋನು ನೋಡುತ್ತ ತಿಂದದ್ದನ್ನು ಯಾರೋ ಕಂಡು, ಭಕ್ತರಿಂದ ಹನ್ನೊಂದು ದೂರು ಬಂದವು. ‘ನಮಗೆ ಟೇಪು ಮಾವನೇ ಬೇಕು.’ ಅದಕ್ಕಿಂತ ಹೆಚ್ಚಾಗಿ ಮಾವನನ್ನು ಕಟ್ಟಿಹಾಕಿದ್ದು ಬೇಡಿಕೆಯ ಕಾಲಂ. ‘ಮಗುವಿಗೆ ಮಾತು ಬರಬೇಕು.’ ‘ಅಕ್ಕ ಆಸ್ಪತ್ರೆಯಿಂದ ನಡೆದುಕೊಂಡು ಬರಬೇಕು.’ ಇದನ್ನು ಓದಿದ ಮೇಲೆ, ನನಗೆ ಸಕ್ಕರೆ ಕಾಯಿಲೆ ಕಣಮ್ಮ, ಮಗು ಮೂಕವಾಗೇ ಇರಲಿ ಅನ್ನುವುದಕ್ಕಾಗುತ್ತದೆಯೇ? ಇಪ್ಪತ್ತು ವರ್ಷ ಚಪ್ಪಲಿ ಡಬ್ಬಿ ಕಟ್ಟಿದವರಿಗಾಗಿ ಯಾರೂ ಯಾವತ್ತೂ ಕಾದಿರಲಿಲ್ಲ. ಈಗ ಯಾರ್ಯಾರೋ ಕಾಯುತ್ತಿದ್ದರು, ಅದು ಅವರಿಗೆ ಇಷ್ಟವೂ ಆಗಿತ್ತು. ಸುಳ್ಳು ಯಾಕೆ ಹೇಳಲಿ.

ಸುಳ್ಳನ್ನು ಅವರು ಹೆಂಡತಿಗೆ ಹೇಳಿದರು. ‘ಈಗ ತಿನ್ನೋದಿಲ್ಲ ಕಣೇ, ಬರೀ ಕಣ್ಣಿಗೊತ್ತಿಕೊಂಡು ಇಟ್ಟುಬಿಡ್ತೀನಿ.’ ಗಾಯ ಕಾಣಬಾರದೆಂದು ಮನೆಯೊಳಗೂ ಸಾಕ್ಸ್ ಹಾಕಿಕೊಂಡೇ ಓಡಾಡಿದರು. ಕೇಳಿದರೆ ‘ನೆಲ ತಣ್ಣಗಿದೆ’ ಅಂದರು. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ. ಆಕೆಯ ಹೊಲಿಗೆ ಯಂತ್ರ ಸ್ವಲ್ಪ ಜೋರಾಗಿ ಓಡಿತು.

ಒಂದು ಮಂಗಳವಾರ ಬೆಳಿಗ್ಗೆ ಮಾವ ಉಂಡೆಯ ಬುಟ್ಟಿ ಹಿಡಿದು ಗರ್ಭಗುಡಿಯ ಮುಂದೆ ನಿಂತಿದ್ದರು. ಅರ್ಚಕರು ಪಟ್ಟಿಯ ಕೊನೆಗೆ ಬಂದು, ಒಂದು ಕ್ಷಣ ತಡೆದು, ಕನ್ನಡಕ ಒರೆಸಿಕೊಂಡು ಓದಿದರು: ‘ನನ್ನದೇ ಗೋತ್ರೋದ್ಭವಸ್ಯ, ಆರಿದ್ರಾ ನಕ್ಷತ್ರೇ ಜಾತಸ್ಯ, ನಮ್ಮನೆಯವರು ನಾಮಧೇಯಸ್ಯ...’

ಮಾವನಿಗೆ ನಗು ತಡೆಯಲಾಗಲಿಲ್ಲ. ಯಾರೋ ಹಳೆ ಕಾಲದ ಹೆಂಗಸು! ಗಂಡನ ಹೆಸರು ಬಾಯಲ್ಲಿ ಹೇಳಬಾರದು ಸರಿ, ಕಂಪ್ಯೂಟರಿಗೂ ಹೇಳಬಾರದೇ? ತಮ್ಮ ಮನೆಯವಳೂ ಹಾಗೇ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ‘ರೀ’ ಬಿಟ್ಟು ಇನ್ನೊಂದು ಶಬ್ದ ಆಡಿದವಳಲ್ಲ. ನಗುತ್ತಲೇ ಕೋಣೆಗೆ ಬಂದು, ಇಪ್ಪತ್ತೊಂದು ಉಂಡೆ ಆಚೆ ಸರಿಸಿ, ಕುತೂಹಲಕ್ಕೆ ಆ ಹೆಂಗಸಿನ ಚೀಟಿಯನ್ನೇ ಮೊದಲು ತೆಗೆದರು.

‘ಬೇಡಿಕೆ: ಎಡಗಾಲಿನ ಸಾಕ್ಸಿನಲ್ಲಿ ರಕ್ತ ನಿಲ್ಲಬೇಕು. ಇವರು ಸಿಹಿ ಬಿಡಬೇಕು. ನನಗೆ ಇವರು ಬಿಟ್ಟರೆ ಇನ್ಯಾರೂ ಇಲ್ಲ. ವಿಳಾಸ: ಅವರಿಗೇ ಗೊತ್ತು.’

ಮಾವ ಬಗ್ಗಿ ಎಡಗಾಲು ನೋಡಿಕೊಂಡರು. ಸಾಕ್ಸ್ ಒಗೆಯುವವಳು ಯಾರು? ಆ ಮಾತೇ ಅವರಿಗೆ ಹೊಳೆದಿರಲಿಲ್ಲ. ಕೆಳಗೆ, ‘ಭಕ್ತರ ಪರವಾಗಿ ತಿನ್ನಲಾಗುವುದು’ ಎಂಬ ಚೌಕದಲ್ಲಿ ಸರಿಯಾಗಿ ಗುರುತು ಬಿದ್ದಿತ್ತು.

ಬಾಯಲ್ಲಿ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಸಿಹಿ ಬಿಡಲಿ ಎಂಬ ಬೇಡಿಕೆ ಈಡೇರಬೇಕಾದರೆ ಸಿಹಿ ತಿನ್ನಬೇಕು! ಚೀಟಿ ಹಿಡಿದು ಅರ್ಚಕರ ಹತ್ತಿರ ಓಡಿದರು.

ಅರ್ಚಕರು ಎರಡು ಸಲ ಓದಿದರು. ‘ತಿಂದ್ರೆ ಸಂಕಲ್ಪ ಕೆಡುತ್ತೆ, ತಿನ್ನದಿದ್ರೆ ಪ್ರಸಾದಕ್ಕೆ ಅವಮಾನ. ಶಾಸ್ತ್ರದಲ್ಲಿ ಇಂಥದ್ದಕ್ಕೆ ಪರಿಹಾರ ಇಲ್ಲವಪ್ಪ. ಆಗ ಆನ್‌ಲೈನ್ ಇರಲಿಲ್ಲ.’

ಸುದ್ದಿ ಕೇಳಿ ಪ್ಯಾಕಿಂಗ್ ಕೋಣೆಗೇ ಬಂದ ಮ್ಯಾನೇಜರು ಒಂದೇ ಸಲ ಓದಿದರು. ‘ಗುರುತು ಹಾಕಿದ್ದಾರೆ ಅಲ್ವಾ? ತಿನ್ನಲೇಬೇಕು. ರೂಲ್ಸ್ ಅಂದ್ರೆ ರೂಲ್ಸ್. ಬೇಕಾದ್ರೆ ಇದೊಂದನ್ನು ತಿಂದು ನಾಳೆಯಿಂದ ಬಿಡಿ.’

ನಾಳೆಯಿಂದ ಎಂಬ ಮಾತನ್ನು ಮಾವ ಎರಡು ತಿಂಗಳಿನಿಂದ ತಮಗೆ ತಾವೇ ಹೇಳಿಕೊಳ್ಳುತ್ತಿದ್ದರು. ಮೇಜಿನ ಮೇಲಿನ ಉಂಡೆಯನ್ನು ಹತ್ತಿರ ಎಳೆದುಕೊಂಡರು. ಆಮೇಲೆ ಚೀಟಿಯ ವಿಳಾಸದ ಸಾಲಿಗೆ ಬೆರಳಿಟ್ಟು, ‘ಇದು ವಿಳಾಸ ಸಿಗದ ಡಬ್ಬಿ ಅಲ್ಲ ಸಾರ್. ವಿಳಾಸ ನನಗೆ ಗೊತ್ತು ಅಂತ ಇಲ್ಲೇ ಬರೆದಿದ್ದಾರೆ’ ಎಂದರು. ಉಂಡೆಯನ್ನು ಡಬ್ಬಿಗೆ ಹಾಕಿ, ಟೇಪು ಸುತ್ತಿದರು. ಕತ್ತರಿ ಕೈಗೆ ಸಿಗದೆ ಹಲ್ಲಿನಿಂದಲೇ ಕಡಿದರು. ಮ್ಯಾನೇಜರು ‘ಮಾವ, ಎಂಜಲು!’ ಎನ್ನುವಷ್ಟರಲ್ಲಿ ಕುಂಟುತ್ತ ಬೀದಿಗೆ ಇಳಿದಾಗಿತ್ತು.

ಹಾಡಹಗಲಲ್ಲಿ ಗಂಡ ಬಾಗಿಲಲ್ಲಿ ನಿಂತದ್ದು ಕಂಡು ಹೆಂಡತಿ ಯಂತ್ರ ನಿಲ್ಲಿಸಿದಳು.

‘ಪಾರ್ಸೆಲ್ ಇದೆ. ಸಹಿ ಹಾಕು.’

ಆಕೆ ಡಬ್ಬಿ ನೋಡಿದಳು, ಬಾಯಿಂದ ಒಂದೊಂದೇ ಪಿನ್ನು ತೆಗೆದು ಮೆತ್ತೆಗೆ ಚುಚ್ಚಿದಳು. ‘ತಿನ್ನಲಿಲ್ವಾ?’

‘ನಾನು ತಿಂದ್ರೆ ನೀನು ಬೇಡಿದ್ದು ಸುಳ್ಳಾಗುತ್ತೆ.’

‘ನಿಮಗೆ ಎದುರಿಗೆ ಹೇಳಿದ್ರೆ ಕಿವಿಗೆ ಹೋಗಲ್ಲ. ಚೀಟೀಲಿ ಬಂದ್ರೆ ಮಾತ್ರ ಓದ್ತೀರ ಅಂತ ಹೀಗೆ ಮಾಡಿದೆ.’ ಆಕೆ ಪಿನ್ನಿನ ಮೆತ್ತೆಯನ್ನು ಆಚೆ ತಳ್ಳಿದಳು. ‘ಊರವರ ಮಕ್ಕಳಿಗೆಲ್ಲ ಮಾತು ಬರಿಸ್ತೀರ. ನನ್ನ ಮಾತು ಯಾರು ಕೇಳ್ತಾರೆ?’

ಮಾವ ಮಣೆ ತಂದು ಪೂರ್ವಕ್ಕೆ ಹಾಕಿದರು. ‘ನೀನು ತಿನ್ನು, ನನ್ನ ಪರವಾಗಿ. ಕೈಕಾಲು ತೊಳ್ಕೊಂಡು ಬಾ. ಒಂದು ಚೂರೂ ಬಿಡಬಾರದು. ಬೇಡಿಕೆ ಹೇಳ್ಬೇಕು. ಅದಕ್ಕೂ ಮೊದಲು ಹೆಸರು ಹೇಳ್ಬೇಕು.’

‘ಹೆಸರಾ?’

‘ಹೆಸರು ಹೇಳದೆ ತಿಂದ್ರೆ ಲೆಕ್ಕಕ್ಕಿಲ್ಲ. ಇದರಲ್ಲಿ ನನಗೆ ಅನುಭವ ಇದೆ.’

ಆಕೆ ಮಣೆಯ ಮೇಲೆ ಕೂತಳು. ಸೆರಗಿನ ತುದಿ ಸುತ್ತಿದಳು, ಬಿಚ್ಚಿದಳು. ಬಾಗಿಲಾಚೆ ಯಾರಾದರೂ ಇದ್ದಾರೋ ಎಂದು ನೋಡಿದಳು. ‘ಥೂ, ನಿಮ್ಮದೊಳ್ಳೆ ಗ್ರಹಚಾರ’ ಎಂದಳು. ಕೊನೆಗೆ ಕಣ್ಣು ಮುಚ್ಚಿ, ಅಪ್ಪ ಅಮ್ಮ ಇಟ್ಟಿದ್ದ ಅವರ ಹೆಸರನ್ನು, ಪೂರ್ತಿ ಹೆಸರನ್ನು, ತಪ್ಪಿಲ್ಲದೆ ಹೇಳಿದಳು.

ಆ ಹೆಸರನ್ನು ಯಾರಾದರೂ ಬಾಯಿಬಿಟ್ಟು ಕರೆದು ಎಷ್ಟು ವರ್ಷವಾಗಿತ್ತೋ. ಅಮ್ಮ ಹೋದ ಮೇಲೆ ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಇತ್ತು. ಟೇಪು ಮಾವ ಗೋಡೆಗೆ ಒರಗಿ ಅತ್ತುಬಿಟ್ಟರು, ಸಣ್ಣ ಮಕ್ಕಳ ಹಾಗೆ, ಮೂಗು ಒರೆಸಿಕೊಳ್ಳುವುದನ್ನೂ ಮರೆತು.

ಆಕೆ ಬೇಡಿಕೆಯನ್ನೂ ಹೇಳಿ, ಉಂಡೆ ಮುರಿದು ತಿನ್ನತೊಡಗಿದಳು. ಅರ್ಧ ತಿಂದವಳಿಗೆ ಏನೋ ನೆನಪಾಯಿತು. ‘ಅಲ್ರೀ, ಮಿಕ್ಕ ಇಪ್ಪತ್ತೊಂದು?’

‘ಅವರ ಮನೆಗಳಲ್ಲೂ ಯಾರಾದ್ರೂ ಇರ್ತಾರಲ್ಲ, ಅವರ ಪರವಾಗಿ ತಿನ್ನೋಕೆ. ಫೋನು ಮಾಡಿ ಸರಿಯಾದ ವಿಳಾಸ ಕೇಳ್ತೀನಿ. ಕಟ್ಟಿ ಕಳಿಸೋದು ನನ್ನ ಕೆಲಸ.’

‘ನಕ್ಷತ್ರ ಕಡಿಮೆ ಕೊಟ್ರೆ?’

‘ಕೊಡಲಿ ಬಿಡು. ನಂದು ಆರಿದ್ರಾ ಒಂದೇ ಸಾಕು.’

ಹೇಳುತ್ತ ಹೇಳುತ್ತಲೇ ಅವರ ಕೈ ಅಭ್ಯಾಸಬಲದಿಂದ, ಮಣೆಯ ಮೇಲೆ ಬಿದ್ದ ಒಂದು ಚೂರಿನ ಕಡೆ ಹೋಯಿತು. ಆಕೆ ಫಟ್ಟೆಂದು ಕೈಗೊಂದು ಕೊಟ್ಟು, ಚೂರನ್ನು ತಾನೇ ಬಾಯಿಗೆ ಹಾಕಿಕೊಂಡಳು. ಆಮೇಲೆ ಬೆರಳು ಒರೆಸಿಕೊಂಡು ಅವರ ಕಾಲಿನ ಹತ್ತಿರ ಸರಿದು ಕೂತಳು.

‘ಸಾಕ್ಸ್ ತೆಗೀರಿ, ನೋಡೋಣ.’

ಅವರು ತೆಗೆದರು.