ಬೀಗದ ಕೈ ಬರುವ ಮೊದಲೇ ಉಕ್ಕಿದ ಹಾಲು

ಶಿವಗಂಗಮ್ಮನಿಗೆ ಕಾಯುವುದೆಂದರೆ ಆಗದು. ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಬಂದು ನಿಲ್ಲುವ ಹೆಂಗಸು. ಈ ಸಲ ಆ ಅವಸರವೇ ಕುತ್ತಿಗೆಗೆ ಬಂತು.

ತಮಿಳು ಸೀಮೆಯ ಪುರಸೈವಾಕ್ಕಂನಲ್ಲಿ, ಮದುವೆಯಾಗಿ ಬಂದಾಗಿನಿಂದ ಅವಳು ಬಾಡಿಗೆಗಿದ್ದ ಹಳೇ ಕಾಲದ ತೊಟ್ಟಿ ಕಟ್ಟಡವನ್ನು ಒಂದು ಟ್ರಸ್ಟು ಕೊಂಡು ರಿಪೇರಿ ಮಾಡಿಸಿತ್ತು. ಅದೇ ಸುಣ್ಣದ ಗಾರೆ, ಅದೇ ತೇಗದ ತೊಲೆ. ಅರ್ಧ ಮನೆಗಳು ಹಳೇ ಬಾಡಿಗೆದಾರರಿಗೆ, ಕೈಗೆಟಕುವ ಬಾಡಿಗೆಗೆ. ಉಳಿದರ್ಧ ಪೂರ್ತಿ ಬೆಲೆ ಕೊಟ್ಟು ಕೊಳ್ಳುವವರಿಗೆ. ಬಡವರದೊಂದು ಮೂಲೆ, ಉಳ್ಳವರದೊಂದು ಮೂಲೆ ಆಗಬಾರದೆಂದು ಚೀಟಿ ಎತ್ತಿ ಮನೆ ಹಂಚುವುದಾಗಿ ಮೇಲ್ವಿಚಾರಕ ಮುರಳೀಧರ ಹೇಳಿದ್ದ.

ಅವಳಿಗೆ ಬೇಕಿದ್ದುದು ನೆಲಮಹಡಿಯ ತನ್ನ ಹಳೇ ಮನೆ. ಗಂಡ ಪರಮೇಶ್ವರಪ್ಪನವರ ಮಂಡಿ ಎರಡೂ ಕೆಟ್ಟಿದ್ದವು. ಲಿಫ್ಟಿಗೆ ಜಾಗ ಬಿಟ್ಟಿದ್ದರೇ ಹೊರತು ಲಿಫ್ಟು ಬಂದಿರಲಿಲ್ಲ. ಒಮ್ಮೆ ಮೇಲೆ ಹತ್ತಿಸಿದರೆ ಅವರು ಮತ್ತೆ ಬೀದಿ ನೋಡುವುದಿಲ್ಲವೆಂಬ ದಿಗಿಲು ಅವಳಿಗೆ. ಚೀಟಿಗೆ ಮುಂಚಿನ ಶುಕ್ರವಾರ ಒಳ್ಳೇ ದಿನವೆಂದು ಅಯ್ಯನವರು ಪಂಚಾಂಗ ನೋಡಿ ಹೇಳಿದ್ದೇ ತಡ, ವಾಚ್‌ಮನ್‌ನನ್ನು ಪುಸಲಾಯಿಸಿ, ಆ ಅಡುಗೆಮನೆಯಲ್ಲಿ ಒಲೆ ಹಚ್ಚಿ ಹಾಲು ಉಕ್ಕಿಸಿಬಿಟ್ಟಳು. ಹಾಲುಕ್ಕಿದ ಮೇಲೆ ಮನೆ ಇನ್ಯಾರದಾದೀತು?

ಚೀಟಿಯಲ್ಲಿ ಅವಳಿಗೆ ಎರಡನೇ ಮಹಡಿ ಬಂತು. ಹಾಲುಕ್ಕಿದ ಮನೆ, ಟಿ. ನಗರದಲ್ಲಿ ಬ್ಯಾಂಕ್ ಕೆಲಸದಲ್ಲಿದ್ದ ತೃಪ್ತಿಗೆ ಹೋಯಿತು.

ತೃಪ್ತಿ ತನ್ನ ತಾಯಿ ಕೌಸಲ್ಯಾರನ್ನು ಮನೆ ನೋಡಲು ಕರೆತಂದ ದಿನವೇ ಶಿವಗಂಗಮ್ಮನೂ ಗಂಡನನ್ನು ಮೇಲೆ ಹತ್ತಿಸಿ ನೋಡಲು ಬಂದಿದ್ದಳು. ಪರಮೇಶ್ವರಪ್ಪ ಅರ್ಧ ಮೆಟ್ಟಿಲಿಗೇ ಕೂತುಬಿಟ್ಟರು. ಕೆಳಗೆ ಕೌಸಲ್ಯಾ ಒಲೆಕಟ್ಟೆಯ ಮೇಲಿನ ಹಾಲಿನ ಕಲೆ, ಗೋಡೆಯ ಕುಂಕುಮ ನೋಡಿ, ಇದು ಯಾರ ಕೆಲಸವೆಂದು ತಮಿಳಿನಲ್ಲಿ ಕೇಳುತ್ತಿದ್ದರು. ಬೀಗದ ಕೈ ಕೊಡುವ ಮುನ್ನ ಒಳಹೊಕ್ಕವರಿಗೆ ಮನೆಯೇ ಇಲ್ಲವೆಂದು ಮುರಳೀಧರ ಮೊದಲೇ ಎಚ್ಚರಿಸಿದ್ದ. ಶಿವಗಂಗಮ್ಮ ಗಂಡನನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಾಗಿಲಲ್ಲಿ ನಿಂತಳು. ಸುಮ್ಮನಿದ್ದರೆ ಎರಡನೇ ಮಹಡಿಯಾದರೂ ಉಳಿಯುತ್ತದೆ. ಅಷ್ಟರಲ್ಲಿ ಮನೆ ತೋರಿಸುತ್ತಿದ್ದ ಮುರಳೀಧರ, ಯಾರನ್ನು ಒಳಗೆ ಬಿಟ್ಟೆಯೆಂದು ಕೇಳಲು ವಾಚ್‌ಮನ್‌ನನ್ನು ಕೂಗಿದ.

"ಅವನ್ನ ಕರೀಬ್ಯಾಡಿ. ನಾನೇ ಉಕ್ಸಿದ್ದು." ಗಾಬರಿಗೆ ಕನ್ನಡವೇ ಬಂತು.

ಕೌಸಲ್ಯಾ ತಿರುಗಿದರು. "ಕನ್ನಡದೋರಾ? ಏನ್ರೀ ಇದು, ಸಾವಿ, ಬೀಗದ ಕೈ, ಬರೋ ಮುಂಚೇನೇ ಗೃಹಪ್ರವೇಶಾನಾ?"

"ನಮ್ಮನೆಯೋರಿಗೆ ಮಂಡಿ ಬಗ್ಗಲ್ಲಮ್ಮ. ಮನೆ ನಮ್ಗೇ ಆಗ್ಲಿ ಅಂತ..."

"ಕಲೆ ತಾನೇಮಾ, ಒರೆಸಿದ್ರೆ ಆಯ್ತು. ನಂಗೆ ಈ ಮನೇನೇ ಬೇಕು," ಎಂದಳು ತೃಪ್ತಿ.

"ಕಲೆ ಹೋಗತ್ತೆ ಕಣೇ. ಇನ್ನೊಬ್ರ ಹಾಲುಕ್ಕಿದ್ ಮನೇಲಿ ನಾವು ಪಾಲ್ ಕಾಚೋದು ಹ್ಯಾಗೆ?"

ತೊಟ್ಟಿ ನೋಡಿಯೇ ದುಡ್ಡು ಕಟ್ಟಿದ್ದು ಎಂದು ಮಗಳು, ಈ ಮನೆಗೆ ಕಾಲಿಡುವುದಿಲ್ಲ ಎಂದು ತಾಯಿ. ಮುರಳೀಧರ ತಲೆ ಕೆರೆದುಕೊಂಡ. ಎರಡೂ ಮನೆಯ ಅಳತೆ ಒಂದೇ, ಇಬ್ಬರೂ ಒಪ್ಪಿ ಅದಲು ಬದಲು ಮಾಡಿಕೊಂಡರೆ ಹಾಲಿನ ಸುದ್ದಿ ತಾನು ಕೇಳಿಯೇ ಇಲ್ಲ ಎಂದ.

ಕೌಸಲ್ಯಾ ಅನುಮಾನದಿಂದ ನೋಡಿದರು. "ಮೇಲಿನ್ ಮನೇಲೂ ಉಕ್ಸಿದೀರೋ ಹ್ಯಾಗೆ?"

"ಇಲ್ಲಮ್ಮ, ಶಿವನಾಣೆ."

ತೃಪ್ತಿ ಮೇಲಿನ ಮನೆ ನೋಡಲು ಮೆಟ್ಟಿಲು ಹತ್ತಿದಳು. ದಾರಿ ಬಿಡಲೆಂದು ಪರಮೇಶ್ವರಪ್ಪ ಕಂಬಿ ಹಿಡಿದು ಏಳಲು ನೋಡಿದರು, ಆಗಲಿಲ್ಲ. ಅವಳು ಪಕ್ಕಕ್ಕೆ ಸರಿದು ಹೋದಳು. ಶಿವಗಂಗಮ್ಮ ಮೇಲಿನ ಹೆಜ್ಜೆ ಸದ್ದನ್ನೇ ಕೇಳುತ್ತ ನಿಂತಳು: ಕಿಟಕಿ ತೆರೆದ ಸದ್ದು, ಮತ್ತೆ ಏನೂ ಇಲ್ಲ.

ಇಳಿದು ಬಂದಾಗಲೂ ತೃಪ್ತಿಯ ಮುಖ ಗಂಟಿಕ್ಕಿಕೊಂಡೇ ಇತ್ತು. "ಗಾಳಿ ಪರವಾಗಿಲ್ಲ. ಆದ್ರೆ ಸಂಡೇ ತೊಟ್ಟೀಲಿ ಕೂತ್ಕೊಳಕ್ಕೆ ಬರ್ತೀನಿ ಆಂಟಿ, ಬೇಡ ಅನ್ಬಾರ್ದು."

ಶಿವಗಂಗಮ್ಮ ಹೂಂ ಎಂದು ತಲೆಯಾಡಿಸಿದಳು. ಅದಲು ಬದಲಿನ ಕಾಗದಕ್ಕೆ ಸಹಿ ಬೀಳುವವರೆಗೂ ಆ ಹುಡುಗಿಯ ಕೈಯನ್ನೇ ನೋಡುತ್ತಿದ್ದು, ಆಮೇಲೆ ಗಂಡನನ್ನು ಇಳಿಸಿಕೊಂಡು ಬರಲು ಓಡಿದಳು.