ಕೈ ಬೇಕಾರೆ ತಕ್ಕಳ್ಳಲಿ

ನಾನು ಸುಳ್ಳು ಹೇಳಿದೆ. ಸಾಕವ್ವ ಬೇಡ ಅಂದಳು. ನಾನು ಅದನ್ನೇ ಇಂಗ್ಲಿಷಿನಲ್ಲಿ ಆಗಲಿ ಅಂತ ಮಾಡಿದೆ. ಹದಿನಾಲ್ಕು ವರ್ಷ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ.

ಆಗ ನಾನು ನಂಜನಗೂಡಿನಲ್ಲಿ ಇಂಗ್ಲಿಷ್ ಮೇಡಂ. ಬದನವಾಳಿನ ಖಾದಿ ಕೇಂದ್ರದಲ್ಲಿ ನೂಲುವವರ ಮೇಲೆ ಸಾಕ್ಷ್ಯಚಿತ್ರ ತೆಗೆಯಲು ಬ್ರಿಟನ್ನಿನಿಂದ ಎಡ್ಮಂಡ್ ಎಂಬ ಹೆಸರಾಂತ ಛಾಯಾಗ್ರಾಹಕರು ಬಂದರು. ಅವರಿಗೆ ನಾನು ದುಭಾಷಿ. ಕಲ್ಲಿದ್ದಲು ಗಣಿಯ ಕೂಲಿಯವನ ಮಗ ಅವರು. ಸ್ಟುಡಿಯೋದಲ್ಲಿ ಕ್ಯಾಮೆರಾ ಪೆಟ್ಟಿಗೆ ಹೊತ್ತು, ವರ್ಷಗಟ್ಟಲೆ ಬೇರೆಯವರ ಕೈಕೆಳಗೆ ದುಡಿದು ಮೇಲೆ ಬಂದವರು. ಪ್ರಶಸ್ತಿಗಳಿದ್ದವು, ಜಂಬ ಇರಲಿಲ್ಲ. ದೊಡ್ಡ ಲೈಟು ಹಾಕದೆ ಕಿಟಕಿಯ ಬಿಸಿಲಿಗೇ ಕಾದು ಕೂರುತ್ತಿದ್ದರು. ಹತ್ತಿರದ ಕಳಲೆ ಊರಿನಲ್ಲಿ ಒಬ್ಬ ಮುದುಕಪ್ಪ "ಬ್ಯಾಡ ಸಾ" ಅಂದಾಗ, ಮರುಮಾತಿಲ್ಲದೆ ತಲೆಯ ಟೋಪಿ ತೆಗೆದು ಲೆನ್ಸಿಗೆ ಮುಚ್ಚಿದ್ದರು. ಹೇಳಿದ್ದರೆ ಸಾಕವ್ವನಿಗೂ ಮುಚ್ಚುತ್ತಿದ್ದರು — ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಆ ಬೆಳಿಗ್ಗೆ ಬಿಸಿಲು ಸಾಕವ್ವನ ಚರಕದ ಮೇಲೆ ಬಿತ್ತು. ಅವಳು ತಲೆ ಎತ್ತಿ ನನ್ನನ್ನು ನೋಡಿದಳು.

"ನನ್ ಮೊಕ ಬ್ಯಾಡ ಅನ್ನಿ ಟೀಚರಮ್ಮ. ಕೈ ಬೇಕಾರೆ ತಕ್ಕಳ್ಳಲಿ."

ಏನಂತೆ ಎಂದು ಅವರು ಕೇಳಿದರು. ನಾಚಿಕೆ ಅಷ್ಟೆ, ಆಗಲಿ ಅಂತಾಳೆ, ನೀವು ತೆಗೆಯಿರಿ ಅಂದೆ.

ಯಾಕೆ ಹಾಗಂದೆ? ಬಿಸಿಲು ಸರಿದುಹೋಗುತ್ತದೆ ಅಂತಲೇ? ಥೂ, ಅದಲ್ಲ. ನಾನು ಆಡಿದ ಮಾತನ್ನು ಅಷ್ಟು ಗಮನವಿಟ್ಟು ಕೇಳಿದವರು ಅವರೊಬ್ಬರೇ. ಮನೆಗೆ ಹೋದರೆ ರೇಡಿಯೋ ಬಿಟ್ಟು ಮಾತಾಡುವವರು ಯಾರೂ ಇರಲಿಲ್ಲ. ಅವರ ಮುಖ ಸಪ್ಪಗಾಗಬಾರದು, ನಾಳೆಯೂ ನನ್ನನ್ನೇ ಕರೆಯಲಿ ಎಂದು — ಇಷ್ಟಕ್ಕೇ, ನೋಡಿ.

ಆ ಚಿತ್ರಕ್ಕೆ ಅವರಿಗೆ ಇನ್ನೊಂದು ಪ್ರಶಸ್ತಿ ಬಂತು. ಸಾಕವ್ವನ ಮುಖ ನಮ್ಮ ಪೇಪರಿನಲ್ಲೂ ಬಂತು. ಒಂದು ವಾರಕ್ಕೆ ಅದೇ ಪೇಪರು ಹಿಡಿದು ಟಿ. ನರಸೀಪುರದ ಕಡೆಯಿಂದ ಅವಳ ಗಂಡ ಬಂದು ಕೇಂದ್ರದ ಬಾಗಿಲಲ್ಲಿ ನಿಂತ. ಅವನ ಹೊಡೆತ ತಾಳಲಾರದೆ ಓಡಿಬಂದು ಅವಳು ಅಲ್ಲಿ ಸೇರಿಕೊಂಡಿದ್ದಳೆಂದು ನನಗೆ ತಿಳಿದದ್ದು ಆಗಲೇ. ಜೊತೆಯ ಹೆಂಗಸರು ಅವನನ್ನು ಗದರಿಸಿ ಕಳಿಸಿದರು. ಆದರೆ ಜಾಗ ಗೊತ್ತಾಗಿಹೋಗಿತ್ತು.

ಮಾರನೆಯ ದಿನ ಬಟ್ಟೆಯ ಗಂಟು ಹಿಡಿದು ಸಾಕವ್ವ ನನ್ನ ಮನೆಗೆ ಬಂದಳು. ಬೈಯಲಿಲ್ಲ. ಬೈದಿದ್ದರೆ...

"ನೀವಂತೂ ಯೋಳಿದ್ರಿ ಟೀಚರಮ್ಮ. ಆವಯ್ಯನೇ ಕೇಳ್ನಿಲ್ಲ, ಅಲ್ವಾ?"

ನಾನು ಹೂಂ ಅಂದೆ. ಎರಡನೆಯ ಸಲವೂ ಸುಳ್ಳು.

"ಬತ್ತೀನಿ" ಅಂದು ಹೋದವಳು ಮತ್ತೆ ಬರಲಿಲ್ಲ. ಎಲ್ಲಿಗೆ ಹೋದಳೆಂದು ಬದನವಾಳಿನಲ್ಲೂ ಯಾರಿಗೂ ಗೊತ್ತಿಲ್ಲ.

ಈಗ ಎಡ್ಮಂಡರ ಪತ್ರ ಬಂದಿದೆ. ಕಣ್ಣು ಪೂರ್ತಿ ಹೋಗಿದೆಯಂತೆ, ಮಗಳ ಕೈಲಿ ಬರೆಸಿದ್ದಾರೆ. ತಮ್ಮ ಜೀವನದ ಕಥೆ ಹೇಳಿ ಬರೆಸುತ್ತಿದ್ದಾರಂತೆ. ತಾವು ತೆಗೆದದ್ದರಲ್ಲೆಲ್ಲ ಆ ಮುಖವೊಂದೇ ಇನ್ನೂ ಕಣ್ಣಿಗೆ ಕಟ್ಟಿದಂತಿದೆಯಂತೆ. ಆ ತಾಯಿ ಅವತ್ತು ನಿಜವಾಗಿ ಏನೆಂದಳು, ಅವಳದೇ ಮಾತು ಬೇಕು ಎಂದು ಕೇಳಿದ್ದಾರೆ.

ಮೂರು ದಿನ ಪತ್ರವನ್ನು ಮೇಜಿನ ಮೇಲೆ ಇಟ್ಟುಕೊಂಡೆ. ಕಣ್ಣು ಕಳೆದುಕೊಂಡವರಿಂದ ಆ ಮುಖವನ್ನೂ ಕಸಿಯಬೇಕೇ ಎಂದು ಒಂದು ನೆಪ ಹೊಳೆಯಿತು — ಸುಳ್ಳುಗಾತಿಗೆ ನೆಪಕ್ಕೇನು ಬರ. ಇವತ್ತು ಬರೆದೆ. ಮುಖ ಬೇಡ, ಕೈ ಮಾತ್ರ ಅಂದಿದ್ದಳು. ನಾನು ನಿಮಗೆ ಹೇಳಲಿಲ್ಲ. ಬರೆದು ಪೋಸ್ಟ್ ಡಬ್ಬಿಗೆ ಹಾಕಿ ಬಂದೆ.

ಸಾಕವ್ವನಿಗೂ ಬರೆಯೋಣವೆಂದರೆ ವಿಳಾಸವಿಲ್ಲ. ಎಲ್ಲಿದ್ದಾಳೋ — ಇದ್ದರೆ, ಇವತ್ತಿಗೂ ನನ್ನನ್ನಲ್ಲ, ಎಡ್ಮಂಡರನ್ನೇ ಬೈದುಕೊಳ್ಳುತ್ತಿರುತ್ತಾಳೆ.