ಪೊರಕೆ ಮೇಡಂ ಬರೆದ ಪರದೆ

ನೀರು ಸರಬರಾಜು ಕಚೇರಿಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಪೊರಕೆ ಮೇಡಂ ಎಂದರೆ ಕಾವಲುಗಾರನೂ ಕೋಣೆ ತೋರಿಸುತ್ತಿದ್ದ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ಬೇಡದ ಒಂದು ಸಾಲು ಕಂಡರೂ ಗುಡಿಸಿ ಹಾಕದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹಾಗೆ ಗುಡಿಸುವಾಗ ಬರೆದವರ ಮಾನವನ್ನೂ ಒಂದಿಷ್ಟು ಗುಡಿಸುತ್ತಿದ್ದಳು, ಅದು ಬೇರೆ ಮಾತು.

ಟ್ಯಾಂಕುಗಳ ನೀರಿನ ಮಟ್ಟ ತೋರಿಸುವ ಪರದೆ ಅವಳದೇ ಕೈಕೆಲಸ. ಜಾವಾ ಎಂಬ ಪ್ರೋಗ್ರಾಮು ಭಾಷೆಯಲ್ಲಿ ಬರೆದು, ಬ್ರೌಸರಿಗೆ ತಿಳಿಯುವ ಭಾಷೆಗೆ ಕಂಪ್ಯೂಟರಿನಿಂದಲೇ ಬದಲಾಯಿಸಿದ್ದು. ನಿಯಂತ್ರಣ ಕೋಣೆಯಲ್ಲಿ ಅದರ ಮುಂದೆ ಬೆಳಗಿನ ಪಾಳಿಗೆ ಅವಳ ಗಂಡ ಕೂರುತ್ತಿದ್ದ, ಮಧ್ಯಾಹ್ನದ ಪಾಳಿಗೆ ಮೀಸೆ. ಮೀಸೆ ಎಂದರೆ, ಮುಖಕ್ಕಿಂತ ಮೊದಲು ಮೀಸೆಯೇ ಬಾಗಿಲು ದಾಟಿ ಬರುವಂಥ ಹಿರಿಯ ನೌಕರ. ರಾತ್ರಿ ಪಾಳಿಯಲ್ಲಿ ಪರದೆಯನ್ನು ಮುಟ್ಟುವ ಕೆಲಸವೇ ಕಡಿಮೆ.

ಮೀಸೆ ಕೂತಾಗ ಪರದೆ ತೆವಳುತ್ತಿತ್ತು, ಕೊನೆಗೆ ನಿಂತೇಬಿಡುತ್ತಿತ್ತು. ಮೊನ್ನೆ ಹಾಗೆ ನಿಂತಾಗ ಟ್ಯಾಂಕು ತುಂಬಿ ಹರಿದು ಪಕ್ಕದ ಶಾಲೆಯ ಅಂಗಳ ಕೆರೆಯಾಯಿತು. ಪರದೆ ನಿಂತಿತ್ತೆಂಬುದು ನೆಪ, ಮೀಸೆ ತೂಕಡಿಸಿದ್ದಾನೆ ಎಂದರು ದೊಡ್ಡ ಇಂಜಿನಿಯರು. ಈ ದಿನ ವಿಚಾರಣೆ. ಪ್ರೋಗ್ರಾಮು ಸರಿಯಿದೆ ಎಂದು ಪೊರಕೆ ಮೇಡಂ ಒಂದು ಮಾತು ಹೇಳಿದರೆ ಮೀಸೆಯನ್ನು ಕುರ್ಚಿಯಿಂದ ಎಬ್ಬಿಸಿ, ಬೀದಿ ಬೀದಿ ಸುತ್ತಿ ವಾಲ್ವ್ ತಿರುಗಿಸುವ ಕೆಲಸಕ್ಕೆ ಹಾಕುವುದೆಂದು ಆಗಿತ್ತು. ಪಾಪ, ಮಂಡಿನೋವಿನ ಮನುಷ್ಯ. ಆದರೆ ಅವಳಿಗೆ ಸಂಶಯವೇ ಇರಲಿಲ್ಲ. ಅದೇ ಪರದೆ ತನ್ನ ಗಂಡನ ಪಾಳಿಯಲ್ಲಿ ಒಂದು ದಿನವೂ ನಿಂತಿರಲಿಲ್ಲವಲ್ಲ!

ಗಂಡ ಮನೆಯಲ್ಲಿ ಕನ್ನಡಕ ಮರೆತು ಬಂದಿದ್ದ. ವಿಚಾರಣೆಗೆ ಮುಂಚೆ ಅದನ್ನು ಕೊಡಲು ಹೋದಳು. ಅವನು ಫೋನಿನಲ್ಲಿ ಯಾರೊಂದಿಗೋ ಮಾತನಾಡುತ್ತಲೇ, ಕೆಳಗೆ ನೋಡದೆ, ಒಂದು ಕೀ ಒತ್ತಿದ. ಪುಟ ಮಾಯವಾಗಿ ಹೊಸದಾಗಿ ಮೂಡಿತು.

"ಅದ್ಯಾಕ್ರೀ ರಿಫ್ರೆಶ್ ಮಾಡಿದ್ದು?"

"ಏನಿಲ್ಲ. ಎಳೆಯೋಕೆ ಶುರು ಮಾಡುತ್ತೆ, ಒತ್ತಿಬಿಡ್ತೀನಿ. ಆಮೇಲೆ ಚೆನ್ನಾಗಿ ಓಡುತ್ತೆ."

"ಯಾವಾಗಿಂದ?"

"ಮೊದಲಿಂದಾನೂ."

ಅವಳು ಕನ್ನಡಕವನ್ನು ಮೇಜಿನ ಮೇಲಿಟ್ಟಳು. "ನನಗೆ ಹೇಳೋಕೇನಾಗಿತ್ತು?"

"ಮನೆಗೆ ಬಂದು ನಿನ್ನ ಕೆಲಸದಲ್ಲಿ ಹುಳುಕು ಹುಡುಕ್ಲಾ? ಹುಡುಕಿ ಬದುಕಿರ್ತಿದ್ನಾ?"

"ಮೀಸೆಯವರಿಗಾದ್ರೂ ಹೇಳಬಾರದಿತ್ತಾ?"

"ಹೇಳಿದ್ರೆ ಮೇಡಂ ಪ್ರೋಗ್ರಾಮು ಕೆಟ್ಟಿದೆ ಅಂತ ಊರೆಲ್ಲ ಡಂಗುರ ಹೊಡೀತಿದ್ದ. ಅವನ ಕುರ್ಚಿಗೇ ಕುತ್ತು ಬರುತ್ತೆ ಅಂತ ನಾನೇನು ಕನಸು ಕಂಡಿದ್ನಾ?"

ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತನ್ನ ಮೇಜಿಗೆ ಹೋಗಿ ಹುಡುಕಿದಳು. ಪರದೆಯಲ್ಲಿ ಟ್ಯಾಂಕಿನ ಚಿತ್ರದ ಮೇಲೆ ಒತ್ತಿದರೆ ಒಂದು ಚಿಕ್ಕ ಚೌಕ ತೆರೆದುಕೊಂಡು, ಮಟ್ಟ ಬದಲಾದಾಗಲೆಲ್ಲ ನನಗೂ ಹೇಳಿ ಎಂದು ಪ್ರೋಗ್ರಾಮಿನ ಪಟ್ಟಿಯಲ್ಲಿ ತನ್ನ ಹೆಸರು ಬರೆಸುತ್ತಿತ್ತು. ಮುಚ್ಚುವಾಗ ಆ ಹೆಸರನ್ನು ತೆಗೆಸಬೇಕಿತ್ತು. ಅದನ್ನೇ ಅವಳು ಬರೆದಿರಲಿಲ್ಲ. ಬೇಡವಾದದ್ದನ್ನು ಜಾವಾ ತಾನೇ ತೆಗೆದುಹಾಕುತ್ತದೆ ಎಂಬ ಹಳೆಯ ನಂಬಿಕೆ. ಹೆಸರು ಉಳಿದಿರುವಷ್ಟು ಕಾಲ ಅದು ಬೇಡವಾದದ್ದು ಎಂದು ಯಾರಿಗೆ ತಾನೇ ಗೊತ್ತಾಗಬೇಕು? ಮುಚ್ಚಿದ ಚೌಕಗಳೆಲ್ಲ ಕಣ್ಣಿಗೆ ಕಾಣದೆ ಬ್ರೌಸರಿನ ನೆನಪಿನಲ್ಲಿ ರಾಶಿ ಬೀಳುತ್ತಿದ್ದವು; ಪುಟವನ್ನು ಹೊಸದಾಗಿ ತೆರೆದರೆ ಮಾತ್ರ ಅಳಿಸಿಹೋಗುತ್ತಿದ್ದವು. ಬರೆಯುವಾಗ ಪ್ರತಿ ಬದಲಾವಣೆಗೂ ಪುಟವನ್ನು ಹೊಸದಾಗಿ ತೆರೆಯುವ ಅವಳಿಗೆ ಆ ರಾಶಿ ಕಾಣಲೇ ಇಲ್ಲ.

ವಿಚಾರಣೆಯಲ್ಲಿ ಅವಳು ಸುತ್ತಿ ಬಳಸಿ ಮಾತಾಡಲಿಲ್ಲ. "ಅವರು ತೂಕಡಿಸಿಲ್ಲ ಸಾರ್. ತಪ್ಪು ನನ್ನದು." ದೊಡ್ಡ ಇಂಜಿನಿಯರು ಕನ್ನಡಕ ತೆಗೆದು ಒರೆಸಿಕೊಂಡು, ಮೀಸೆಯ ಕುರ್ಚಿ ಮೀಸೆಗೇ ಇರಲಿ ಎಂದರು. ಬಿಟ್ಟ ಸಾಲು ಬರೆದ ಮೇಲೆ, ಮೀಸೆಯ ಪಕ್ಕದಲ್ಲಿ ಇಡೀ ಪಾಳಿ ತಾನೇ ಕೂತಳು. ಅವನು ಎಲ್ಲ ಟ್ಯಾಂಕನ್ನೂ ತೆರೆದು ಮುಚ್ಚಿದ, ಮತ್ತೆ ತೆರೆದು ಮುಚ್ಚಿದ. ಪರದೆ ಎಳೆಯಲಿಲ್ಲ. "ಇಷ್ಟು ದಿನ ನನಗೇ ನನ್ನ ಮೇಲೆ ಅನುಮಾನ ಬಂದುಬಿಟ್ಟಿತ್ತು ತಾಯಿ. ನಿಜವಾಗ್ಲೂ ನಿದ್ದೆ ಮಾಡಿದ್ನೇನೋ ಅಂತ" ಎಂದ ಮೀಸೆ. ಅವಳಿಗೆ ಆ ಮಾತು ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

ಮನೆಗೆ ಬಂದವಳು ಊಟಕ್ಕೆ ಬಡಿಸಿ ಗಂಡನ ಎದುರು ಕೂತಳು.

"ಇನ್ನೂ ಏನೇನು ಹೀಗೆ ನನಗೆ ಹೇಳದೆ ಸರಿತೂಗಿಸಿಕೊಂಡು ಹೋಗ್ತಿದ್ದೀರಿ?"

"ಹೇಳಿದ್ರೆ ಕೋಪ ಮಾಡ್ಕೊಳ್ತೀಯ."

"ಮಾಡ್ಕೊಳ್ತೀನಿ. ಆದ್ರೂ ಹೇಳಿ."

ಅವನು ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟು, ಗಂಟಲು ಸರಿಮಾಡಿಕೊಂಡು, ಮದುವೆಯಾದ ವರ್ಷದಿಂದ ಶುರು ಮಾಡಿದ.